ಡಬ್ಬದ ಮೇಲಿನ ವಿಳಾಸ

ಮೇಣದ ದವಡೆಗೆ ಕೊನೆಯ ಹಲ್ಲು ಕೂರಿಸುವಾಗ ಹಲ್ಲಕ್ಕ ಉಸಿರು ಬಿಗಿಹಿಡಿಯುತ್ತಾಳೆ. ಕೂದಲೆಳೆಯಷ್ಟು ಆಚೀಚೆಯಾದರೂ ಯಾರೋ ಅಜ್ಜನ ಬಾಯಲ್ಲಿ ಹುಣ್ಣು. ಕಟ್ಟುಹಲ್ಲು ಮಾಡುವ ಆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕಿಟಕಿ ಪಕ್ಕದ ಮೇಜು ಅವಳದು. ಹಲ್ಲಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. ಗಂಡ ಬೇರೆಯಾಗಿ ಪರದೇಶ ಸೇರಿ ನಾಲ್ಕು ವರ್ಷ. ಮಗಳಿಗೆ ಹತ್ತು. ಒಂದು ಸಂಬಳದಲ್ಲಿ ಇಬ್ಬರ ಸಂಸಾರ ತಿಂಗಳ ಇಪ್ಪತ್ತನೇ ತಾರೀಖಿನವರೆಗೆ ಹೇಗೋ ಓಡುತ್ತದೆ.

ಮಗಳ ಖರ್ಚು ಕೊಡಿಸಿ ಎಂದು ಹಾಕಿದ್ದ ಅರ್ಜಿಯ ನೋಟೀಸು ಅವನ ಆಗಿನ ವಿಳಾಸಕ್ಕೆ ಹೋಯಿತು. ಅದು ಕೈಸೇರಿದ್ದೇ ಅವನು ಮನೆಯನ್ನೇ ಬದಲಿಸಿದ.

"ನನ್ನ ತಂಗಿ ಇರೋ ದೇಶದಲ್ಲಿ ಇಷ್ಟು ಒದ್ದಾಟ ಇಲ್ಲ ಕಣೇ," ಅಂದಳು ಎದುರಿಗೆ ಕೂತು ಹಲ್ಲಿಗೆ ಹೊಳಪು ಕೊಡುವ ಗೆಳತಿ. "ಅಪ್ಪ ಕೊಡ್ಲಿಲ್ಲ ಅಂದ್ರೆ ಸರ್ಕಾರವೇ ಮೊದ್ಲು ಕೊಟ್ಟುಬಿಡುತ್ತೆ. ಆಮೇಲೆ ಅವನ ಕುತ್ತಿಗೆ ಹಿಡಿಯುತ್ತೆ."

"ನನ್ನ ಅಳಿಯ ಇರೋ ಕಡೆ ರಾತ್ರಿ ಲೆಕ್ಕ," ಅಂದ, ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ತೆಗೆಯುವ ಚಿಕ್ಕಪ್ಪ. ಅವನು ಕೋಣೆಗೆಲ್ಲ ಚಿಕ್ಕಪ್ಪ. "ಮಗು ಅಪ್ಪನ ಮನೇಲಿ ಎಷ್ಟು ರಾತ್ರಿ ಮಲಗುತ್ತೋ ನೋಡಿ ಅವನ ಪಾಲು ಇಳಿಸ್ತಾರೆ."

"ನನ್ನ ಮಗಳು ಅಪ್ಪನ ಮನೇಲಿ ಒಂದು ರಾತ್ರಿನೂ ಮಲಗಿಲ್ಲ," ಅಂದಳು ಹಲ್ಲಕ್ಕ.

"ಹಾಗಾದ್ರೆ ಅಲ್ಲಿ ನೀನು ಮಹಾರಾಣಿ!"

"ಇನ್ನೊಂದು ಕಡೆ ದುಡ್ಡು ಕೊಡದ ಅಪ್ಪನ ಡ್ರೈವಿಂಗ್ ಲೈಸೆನ್ಸೇ ಕಿತ್ಕೋತಾರಂತೆ," ಗೆಳತಿ ಸೇರಿಸಿದಳು.

"ಹಲ್ಲಿದ್ದಲ್ಲಿ ಕಡಲೆ ಇಲ್ಲ," ಅಂದಳು ಹಲ್ಲಕ್ಕ. "ಕಾನೂನೆಲ್ಲ ಅವರವರ ದೇಶದಲ್ಲಿ, ಮಗು ಮಾತ್ರ ನನ್ನ ಹತ್ರ."

ಅವಳ ಪಾಲಿಗೂ ಒಂದು ಕಾನೂನಿತ್ತು. ಎರಡು ದೇಶಗಳ ನಡುವೆ ಒಪ್ಪಂದವಿದೆ, ಈಗಿನ ವಿಳಾಸ ಕೊಟ್ಟರೆ ಅವನ ಸಂಬಳದಿಂದಲೇ ಹಿಡಿಸುತ್ತೇವೆ ಎಂದಿದ್ದಳು ಅರ್ಜಿ ಹಾಕಿದ್ದ ಕಚೇರಿಯ ಗುಮಾಸ್ತೆ. ಅದಕ್ಕೆ ಈ ಬುಧವಾರ ಕೊನೆಯ ದಿನ.

ಸೋಮವಾರ ಸಂಜೆ ಮನೆಗೆ ಬಂದಾಗ ಮಗಳ ಕಾಲಲ್ಲಿ ಹೊಸ ಬೂಟುಗಳಿದ್ದವು. ಹುಟ್ಟುಹಬ್ಬಕ್ಕೆ ಅಪ್ಪ ಕಳಿಸಿದ್ದು. ಹಲ್ಲಕ್ಕ ಬೂಟು ಬಂದ ಡಬ್ಬ ತಿರುಗಿಸಿದಳು. ಕಳಿಸಿದವರ ವಿಳಾಸವಿರಬೇಕಾದ ಕಡೆ ಅಂಗೈಯಗಲದ ಚೌಕ ಕತ್ತರಿಸಿಹೋಗಿತ್ತು.

"ಇಲ್ಲೇನಿತ್ತು ಪುಟ್ಟಿ?"

"ಏನೂ ಇರ್ಲಿಲ್ಲ."

"ಕತ್ತರಿ ಯಾಕೆ ಹೊರಗಿದೆ?"

ಮಗಳು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. "ಆವತ್ತು ನೀನು ನೋಟೀಸು ಕಳಿಸಿದ್ಮೇಲೆ ಅಪ್ಪ ಎಂಟು ತಿಂಗಳು ಫೋನೇ ಮಾಡ್ಲಿಲ್ಲ."

"ಆ ಚೂರೆಲ್ಲಿ?"

"ನೆನೆಸಿ ಹರಿದು ಬಿಸಾಕಿದೆ."

"ಓದಿದ್ಯಾ?"

"ಓದಿದೆ. ಹೇಳಲ್ಲ."

ಹಲ್ಲಕ್ಕನ ಕೈ ಮೇಲೆದ್ದಿತು. ಅದೇ ಕೈಯಿಂದ ಕತ್ತರಿ ಎತ್ತಿ ಡ್ರಾಯರಿಗೆ ಹಾಕಿದಳು. ಡ್ರಾಯರು ಮುಚ್ಚಿ ಕೇಳಿದಳು: "ಬೂಟು ಸರಿಹೋಗುತ್ತಾ?"

"ಒಂದು ಸೈಜು ಚಿಕ್ಕದು. ಪರವಾಗಿಲ್ಲ, ಹಾಕ್ಕೋತೀನಿ."

ಬುಧವಾರ ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದಳು. ವಿಳಾಸದ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದಳು.

"ಮಗಳ ಹತ್ರ ಮಾತಾಡ್ತಾನೆ ಅಂದಿದ್ರಿ. ಅವಳಿಗೂ ಗೊತ್ತಿಲ್ವಾ?" ಗುಮಾಸ್ತೆ ಕೇಳಿದಳು.

"ಅವಳಿಗೇನು ಗೊತ್ತು, ಮಗು."

ಗುಮಾಸ್ತೆ ಅರ್ಜಿ ಮುಗಿಯಿತೆಂದು ಮೊಹರು ಒತ್ತಿದಳು. ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಭಾನುವಾರ ಹನ್ನೊಂದಕ್ಕೆ ಮಗಳಿಗೆ ಅಪ್ಪನ ಫೋನು ಬರುತ್ತದೆ.