ಹನ್ನೆರಡು ತುಂಬಿದ ಮೇಲೆ

ನಮ್ಮ ಕೊರೀನಕ್ಕ ಬಾಯಿಲ್ಲದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವಳನ್ನು ನೋಡುವ ಹೊಸಬರೆಲ್ಲ ಹುಟ್ಟುಮೂಗಿ ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ಚರ್ಚಿನ ಅಡುಗೆಮನೆಯಲ್ಲಿ ಅವಳ ದನಿ ಎದ್ದರೆ ಪಾದ್ರಿಯೂ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅವಳ ತಂಗಿ, ಪರ್ಲಿ. ಅವಳಿಂದ ಬೈಸಿಕೊಂಡೇ ದೊಡ್ಡವಳಾದೆ.

ಅಲಬಾಮಾದ ಈ ಹತ್ತಿ ಸೀಮೆಯಲ್ಲಿ ನಾವು ಕರಿಯರು. ಅಕ್ಕ ಬಿಳಿಯರಾದ ಹ್ಯಾಚರ್ ಅವರ ಮನೆಯಲ್ಲಿ ಅಡುಗೆಗಿದ್ದಳು. ಅವಳ ಒಂದೇ ಒಂದು ಕೂಸು ಹುಟ್ಟಿದ ಒಂಬತ್ತನೆಯ ದಿನ ತೀರಿಕೊಂಡಿತು. ಅದೇ ವಾರ ಹ್ಯಾಚರ್ ಮನೆಯಲ್ಲಿ ನೋರಾ ಹುಟ್ಟಿದಳು. ಹೆತ್ತ ತಾಯಿಗೆ ಹಾಲಿಲ್ಲ, ಅಕ್ಕನ ಹಾಲಿಗೆ ಕೂಸಿಲ್ಲ. ತಂದು ಮಡಿಲಿಗೆ ಹಾಕಿದರು. ಅಲ್ಲಿಂದ ಮುಂದೆ ಅಕ್ಕನ ಬಾಯಲ್ಲಿ ನೋರಾ, ನೋರಾ, ನೋರಾ. ನೋರಾಗೆ ಹಲ್ಲು ಬಂತು, ನೋರಾ ಮೆಕ್ಕೆಜೋಳದ ರೊಟ್ಟಿಗೆ ಕಾಕಂಬಿ ಹಚ್ಚಿಕೊಂಡು ನಾಲ್ಕು ತಿಂದಳು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಅವಳ ಗಂಡ ಈಸಮ್ ಓಕ್ ಮರದ ಸೀಳಿನಲ್ಲಿ ಕುರ್ಚಿ ಹೆಣೆಯುತ್ತಿದ್ದ. ಉದ್ದ ಆಳು, ನಗುಮುಖ, ಹೆಂಡತಿಯನ್ನು ಕೆಣಕದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. "ಹೆತ್ತೋಳ ಥರ ಮೆರೀತೀಯಲ್ಲ, ಇರು ಇರು. ಒಂದಿನ ಅವಳ ಮುಂದೆ ಕೈಕಟ್ಕೊಂಡು ನಿಲ್ತೀಯ," ಅನ್ನುತ್ತಿದ್ದ. ಅಂದ ದಿನ ಅಕ್ಕ ಅವನ ತಟ್ಟೆಯನ್ನು ಕುಕ್ಕಿ ಇಡುತ್ತಿದ್ದಳು.

ಅವನು ಅಂದದ್ದೇನೂ ಸುಳ್ಳಲ್ಲ. ಇಲ್ಲಿನ ರಿವಾಜೇ ಹಾಗೆ. ಬಿಳಿಯರ ಮಕ್ಕಳು ಹನ್ನೆರಡು ತುಂಬುವ ತನಕ ನಮಗೂ ಮಕ್ಕಳೇ. ಬಾರೇ, ಹೋಗೇ, ಮೂಗು ಒರೆಸ್ಕೊಳ್ಳೇ ಅನ್ನಬಹುದು. ತುಂಬಿದ ದಿನದಿಂದ ಹುಡುಗಿ 'ಮಿಸ್' ಆಗುತ್ತಾಳೆ. ಬರೀ ಹೆಸರು ಹಿಡಿದು ಕರೆದವನ ಪಾಡು ಏನಾಗುತ್ತದೆ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಮಾತು ಬರುವಾಗಲೇ ಕಲಿಸುತ್ತೇವೆ.

ಜೂನ್ ತಿಂಗಳಲ್ಲಿ ನೋರಾಗೆ ಹನ್ನೆರಡು ತುಂಬಿತು. ಅಕ್ಕ ಕೇಕು ಹಿಡಿದು ನಿಂತಿದ್ದಾಗಲೇ ಹ್ಯಾಚರಮ್ಮ, ಇವತ್ತಿನಿಂದ ಮಿಸ್ ನೋರಾ, ನೆನಪಿರಲಿ ಎಂದರಂತೆ. ಅಕ್ಕ ಹೂಂ ಅಂದಳು. ಮನೆಗೆ ಬಂದು ಗಂಡನಿಗೆ ತಲೆನೋವು ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಇಂಥಾದ್ದಾಯಿತು ಎಂದು ಬಾಯಿಬಿಡಲಿಲ್ಲ. ಅವನ ನಗುವನ್ನು ತಡೆದುಕೊಳ್ಳುವ ಶಕ್ತಿ ಅವಳಿಗೆ ಆ ವಾರ ಇರಲಿಲ್ಲ.

ಎಂಟು ದಿನ ಕಳೆದು, ಶನಿವಾರ ಮಧ್ಯಾಹ್ನ, ಬಿಳಿ ರೈತನೊಬ್ಬನ ಹುಲ್ಲಿನ ಕೊಟ್ಟಿಗೆ ಸುಟ್ಟುಹೋಯಿತು. ಉದ್ದನೆಯ ಕರಿಯನೊಬ್ಬ ಓಡಿದ್ದನ್ನು ಕಂಡೆವು ಎಂದು ಯಾರೋ ಅಂದರು. ಸಂಜೆಯೊಳಗೆ ಪೊಲೀಸು ಮುಖ್ಯಸ್ಥ ಷೆರಿಫ್ ಬಂದು ಈಸಮ್ ಭಾವನನ್ನು ಎಳೆದೊಯ್ದ. ನಮ್ಮಲ್ಲಿ ಉದ್ದ ಇರುವುದೂ ಒಂದು ತಪ್ಪು.

ಕೊಟ್ಟಿಗೆ ಉರಿಯುವ ಹೊತ್ತಿಗೆ ಭಾವ ಹ್ಯಾಚರ್ ಮನೆಯ ಹಿತ್ತಲಲ್ಲಿ ಉಯ್ಯಾಲೆಯ ಮಣೆ ಹೊಸದಾಗಿ ಹೆಣೆಯುತ್ತಿದ್ದ. ನಾನೂ ಅಕ್ಕನೂ ಚರ್ಚಿನವರೊಬ್ಬರ ಮಣ್ಣಿಗೆ ಹೋಗಿದ್ದೆವು. ಯಜಮಾನರು ಹೆಂಡತಿಯೊಡನೆ ಪೇಟೆಗೆ ಹೋಗಿದ್ದರು. ಅವನನ್ನು ಕಂಡವಳು ನೋರಾ ಒಬ್ಬಳೇ.

ಆ ವಾರ ಅಕ್ಕ ಮನುಷ್ಯಳಂತಿರಲಿಲ್ಲ. ವಕೀಲರೊಬ್ಬರ ಹಿಂಬಾಗಿಲು ತಟ್ಟಿದಳು, ತೆರೆಯಲಿಲ್ಲ. ಪಾದ್ರಿ ಪ್ರಾರ್ಥನೆ ಮಾಡೋಣ ಎಂದರು. "ಮಾಡಿ, ನಿಮಗೆ ಬರೋದು ಅದೊಂದೇ," ಎಂದು ಎದ್ದು ಬಂದಳು. ಜೈಲಿನ ಕಿಟಕಿಯಲ್ಲಿ ಎರಡು ನಿಮಿಷ ಗಂಡನನ್ನು ತೋರಿಸಿದರು. ಅವನ ಒಂದು ಕಣ್ಣು ಊದಿ ಮುಚ್ಚಿತ್ತು.

"ಆ ಮಗೂನ ಕೇಳ್ಬೇಡ, ಕೊರೀ," ಎಂದ. "ಹಿತ್ತಲಲ್ಲಿ ಬಿಳಿ ಹುಡುಗಿ ಜೊತೆ ನಾನೊಬ್ನೇ ಇದ್ದೆ ಅಂತ ತಿಳಿದ್ರೆ ಕೊಟ್ಟಿಗೆಗಿಂತ ದೊಡ್ಡದಾಗುತ್ತೆ."

ಅಕ್ಕ ಅವನ ಮಾತಿಗೆ ಕಿವಿಗೊಡಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಅವಳಿಗಿದ್ದದ್ದು ಅದೊಂದೇ ದಾರಿ. ಗುರುವಾರ ಅಡುಗೆಮನೆಯಲ್ಲಿ ನೋರಾಳ ಕೈ ಹಿಡಿದುಕೊಂಡು, ನಿಮ್ಮಪ್ಪನಿಗೆ ಗುಟ್ಟಾಗಿ ಹೇಳು ಎಂದು ಬೇಡಿಕೊಂಡಳು. ಹುಡುಗಿ ಅಳುತ್ತಾ ಒಪ್ಪಿದಳು.

ಆದರೆ ಮಕ್ಕಳ ಬುದ್ಧಿ ಮಕ್ಕಳದೇ. ಭಾನುವಾರ ಚರ್ಚು ಮುಗಿದ ಮೇಲೆ ಷೆರಿಫನೇ ಹ್ಯಾಚರ್ ಮನೆಗೆ ಊಟಕ್ಕೆ ಬಂದ. ಅಪ್ಪನಿಗೆ ಹೇಳುವುದಕ್ಕಿಂತ ಇವನಿಗೇ ಹೇಳಿದರೆ ಕೆಲಸ ಬೇಗ ಆಗುತ್ತದೆ ಎಂದು ನೋರಾಗೆ ತೋರಿತು. ನಾನು ಅಂದು ಕೋಳಿ ಕರಿಯಲು ಹೋಗಿದ್ದೆ, ಬಾಗಿಲ ಸಂದಿಯಿಂದ ಎಲ್ಲ ಕಂಡೆ. ಹುಡುಗಿ ಎದ್ದು ನಿಂತು, ಈಸಮ್ ಮಧ್ಯಾಹ್ನವೆಲ್ಲ ಇಲ್ಲೇ ಇದ್ದ, ನನ್ನ ಉಯ್ಯಾಲೆ ರಿಪೇರಿ ಮಾಡುತ್ತಿದ್ದ ಎಂದಳು.

ಷೆರಿಫ್ ಫೋರ್ಕು ಕೆಳಗಿಟ್ಟ. ಹಾಗಿದ್ದರೆ ವಿಷಯವೇ ಬೇರೆ ಎಂದ. ದೇವರಾಣೆ, ನಾನು ಒಲೆಯ ಮುಂದೆ ನಿಂತು ನಕ್ಕೆ. ಅಕ್ಕ ಬಟಾಣಿಯ ಬೋಗುಣಿ ಹಿಡಿದು ಮೇಜಿನ ಪಕ್ಕದಲ್ಲೇ ನಿಂತಿದ್ದಳು.

ಆಗ ಹ್ಯಾಚರಮ್ಮ, ಅವನು ನಿನ್ನ ಹತ್ತಿರ ಏನು ಮಾತಾಡಿದ ಎಂದು ಮೆಲ್ಲಗೆ ಕೇಳಿದರು. ಹುಡುಗಿಗೆ ಉತ್ಸಾಹ. ಒಂದೊಂದು ವಿವರ ಕೊಟ್ಟರೂ ಅವನಿಗೆ ಒಳ್ಳೆಯದೇ ಎಂದುಕೊಂಡಳು, ಪಾಪ.

"'ಬಾ ನೋರಾ, ಕೂತು ನೋಡು, ಹಗ್ಗ ಗಟ್ಟಿಯಾಗಿದ್ಯಾ' ಅಂದ. ಎರಡು ಸಲ ತೂಗಿದ."

"ನೋರಾ ಅಂದ್ನಾ?"

"ಹೂಂ. ಯಾವಾಗ್ಲೂ ಹಾಗೇ ಅಲ್ವಾ ಅನ್ನೋದು."

ಯಜಮಾನ ಹ್ಯಾಚರ್ ತಮ್ಮ ಮಗಳನ್ನು ಮಹಡಿಗೆ ಕಳಿಸಿದರು. ಆಮೇಲೆ ಷೆರಿಫನಿಗೆ, ನನ್ನ ಮಗಳು ಶನಿವಾರ ನಮ್ಮ ಜೊತೆ ಪೇಟೆಗೆ ಬಂದಿದ್ದಳು ಎಂದರು. ಷೆರಿಫ್ ಹೌದೌದು ಎಂದ. ಹ್ಯಾಚರ್ ಅಕ್ಕನ ಕಡೆ ತಿರುಗಿದರು. ಸಿಟ್ಟಿಲ್ಲ, ಗದರಿಕೆಯಿಲ್ಲ.

"ಕೊರೀನ್, ಕೊಟ್ಟಿಗೆ ಸುಟ್ಟಿದ್ದಕ್ಕೆ ಜೈಲು. ಈ ವಿಷಯ ಹೊರಗೆ ಬಿದ್ರೆ ಜನ ಅವನನ್ನ ಜೈಲಿಂದಲೇ ಎಳೆದು ಮರಕ್ಕೆ ನೇತುಹಾಕ್ತಾರೆ. ಯಾವುದು ಬೇಕೋ ನೀನೇ ನೋಡ್ಕೋ."

ಅಕ್ಕ ತಲೆಯಾಡಿಸಿದಳು. ಬಟಾಣಿ ಬಡಿಸು ಎಂದರು, ಬಡಿಸಿದಳು.

ಮನೆಗೆ ನಡೆದು ಬರುವಾಗ ದಾರಿಯಲ್ಲೇ ಕೂತು, ಹುಟ್ಟುಹಬ್ಬದ ದಿನ ಹ್ಯಾಚರಮ್ಮ ಅಂದದ್ದನ್ನು ಗಂಡನಿಂದ ಮುಚ್ಚಿಟ್ಟದ್ದನ್ನು ನನಗೆ ಹೇಳಿದಳು. "ನಾನು ಹೇಳಿದ್ರೆ ಅವನು ಮಿಸ್ ಅಂತಿದ್ದ, ಪರ್ಲಿ. ನನ್ನ ಜಂಬ ಅವನನ್ನ ತಿಂತು." ನನಗೆ ಮೈ ಉರಿಯಿತು. ಮಿಸ್ ಎಂದಿದ್ದರೂ ಅವರು ಇನ್ನೊಂದು ನೆಪ ಹುಡುಕುತ್ತಿದ್ದರು ಎಂದು ಕೂಗಾಡಿದೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆ ಹೊತ್ತಿನಲ್ಲಿ ಇವನನ್ನು ಬೇರೆಲ್ಲಾದರೂ ಕಂಡವರಿದ್ದಾರೆಯೇ ಎಂದು ಜಡ್ಜು ಕೇಳಿದರು. ಭಾವ ಅಕ್ಕನನ್ನೇ ನೋಡುತ್ತಾ, ಬೇಡ ಎಂದು ಸಣ್ಣಗೆ ತಲೆ ಅಲ್ಲಾಡಿಸಿದ. ಅಕ್ಕ ತನ್ನ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಳು. ಇಪ್ಪತ್ತು ವರ್ಷ ಹಾಕಿದರು. ಕಾಲಿಗೆ ಸರಪಳಿ ಬಿಗಿದು ರಸ್ತೆ ಕೆಲಸಕ್ಕೆ ಕಳಿಸಿದರು. ಎರಡನೆಯ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದವನು ಏಳಲಿಲ್ಲವೆಂದು ಒಂದು ಕಾಗದ ಬಂತು. ಹೆಣವನ್ನು ಕೊಡಲಿಲ್ಲ.

ಕೋರ್ಟಿನಲ್ಲಿ ಮುಚ್ಚಿದ ಬಾಯನ್ನು ಅಕ್ಕ ಮತ್ತೆ ಸರಿಯಾಗಿ ತೆರೆಯಲಿಲ್ಲ. ಹ್ಯಾಚರ್ ಮನೆ ಬಿಟ್ಟು ಬಟ್ಟೆ ಒಗೆಯುವುದಕ್ಕೆ ನಿಂತಳು. ಉಪ್ಪು ಬೇಕಾದರೂ ಕೈಸನ್ನೆ.

ಏಳು ವರ್ಷದ ಮೇಲೆ, ಮದುವೆಗೆ ಒಂದು ವಾರವಿದೆ ಎನ್ನುವಾಗ, ನೋರಾ ನಮ್ಮ ಅಂಗಳಕ್ಕೆ ಬಂದಳು. ಒಣಹಾಕಿದ ಹಚ್ಚಡಗಳ ನಡುವೆ ನಿಂತು ಅತ್ತಳು. "ನಾನು ನಿಜಾನೇ ಹೇಳಿದೆ, ಕೊರೀನ್. ಬೈಯಿ, ಹೊಡಿ. ಒಂದೇ ಒಂದು ಸಲ ನೋರಾ ಅಂತ ಕರಿ."

ಎಷ್ಟೆಂದರೂ ಅಕ್ಕನ ಹಾಲು ಕುಡಿದ ಹುಡುಗಿ. ಅಕ್ಕ ಒಳಗೆ ಹೋಗಿ ಭಾವ ಹೆಣೆದ ಕುರ್ಚಿಯನ್ನು ಎತ್ತಿಕೊಂಡು ಬಂದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಧೂಳು ಒರೆಸಿ ಅವಳ ಮುಂದಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತಳು.

"ಕೂತ್ಕೊಳ್ಳಿ, ಮಿಸ್ ನೋರಾ," ಎಂದಳು.

ನೋರಾ ಆ ಕುರ್ಚಿಯನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ಕೂರಲಿಲ್ಲ.