ಬ್ರೆಡ್ಡಿನ ಡಬ್ಬಿಯ ಬೀಗದಕೈ

ನಮ್ಮೂರಿನ ಹಳೆಯ ಇಗರ್ಜಿಯನ್ನು ನೋಡಬೇಕಾದರೆ ಮೊದಲು ಎದುರುಮನೆಯ ಹೊರ್ತೆನ್ಸ್ ಅಜ್ಜಿಯ ಕೈಯಲ್ಲಿ ಬೈಸಿಕೊಳ್ಳಬೇಕು. ಅದರ ಮೊಳದುದ್ದದ ಬೀಗದಕೈ ಇರುವುದು ಅವಳ ಬ್ರೆಡ್ಡಿನ ಡಬ್ಬಿಯಲ್ಲಿ. ಊಟದ ಹೊತ್ತಿನಲ್ಲಿ ಬಾಗಿಲು ತಟ್ಟಿದವರನ್ನು, ಪ್ಯಾರಿಸ್ಸಿನಿಂದ ಬಂದ ಮಂತ್ರಿಯೇ ಆಗಲಿ, "ಎಂಟುನೂರು ವರ್ಷ ನಿಂತಿದೆ ಕಣಯ್ಯ, ನನ್ನ ಸೂಪು ಮುಗಿಯೋವರೆಗೂ ನಿಲ್ಲಲ್ವಾ?" ಎಂದು ಮೆಟ್ಟಿಲ ಮೇಲೆ ಕೂರಿಸುತ್ತಾಳೆ. ಆಮೇಲೆ ಎಲ್ಲರೂ ಹೊರಗೇ ಬೂಟು ಕೊಡವಬೇಕು. ಒಳಗೆ ಗೋಡೆಯ ಮೇಲೆ ಬರೆದ ಸಂತರನ್ನು ಅವಳು ಪರಿಚಯಿಸುವುದನ್ನು ಕೇಳಿದರೆ ಅವರೆಲ್ಲ ಅವಳ ಮೈದುನಂದಿರೇ ಇರಬೇಕು ಎನಿಸುತ್ತದೆ: "ಇವ್ನು ಪಾಪ ಒಳ್ಳೆಯವ್ನು, ಪಕ್ಕದವ್ನ ಸುದ್ದಿ ಮಾತ್ರ ಕೇಳ್ಬೇಡಿ." ಪ್ರತಿ ಬೇಸಿಗೆಯಲ್ಲೂ ನಾನು, "ಒಂದಿನ ಸಮುದ್ರ ನೋಡ್ಕೊಂಡು ಬರೋಣ ಬಾ ಅಜ್ಜಿ" ಎಂದು ಕರೆಯುತ್ತೇನೆ. "ಅವತ್ತೇ ಯಾರಾದ್ರೂ ಬಂದ್ಬಿಟ್ರೆ?" ಎನ್ನುತ್ತಾಳೆ, ನಲವತ್ತು ವರ್ಷದಿಂದ ಅದೇ ಉತ್ತರ. ಆದರೆ ಬಂದವರು ಸಮುದ್ರದ ಕಡೆಯಿಂದ ಬಂದವರೆಂದು ತಿಳಿದರೆ ಸಾಕು, ಅವಳ ದನಿ ಮೆತ್ತಗಾಗುತ್ತದೆ: "ಹೊರಗೆ ಬೇಡ, ಒಳಗೇ ಬಂದು ಕೊಡವಿ." ಅವರು ಹೋದಮೇಲೆ ಮಂಡಿಯೂರಿ, ಕಲ್ಲುಹಾಸಿನ ಮೇಲೆ ಉದುರಿದ ಮರಳನ್ನು ಅಂಗೈಯಲ್ಲೇ ಬಳಿದುಕೊಳ್ಳುತ್ತಾಳೆ. ಅವಳ ಅಡುಗೆಮನೆಯ ಕಿಟಕಿಯಲ್ಲೊಂದು ಜಾಮಿನ ಸೀಸೆಯಿದೆ. ನಲವತ್ತು ಬೇಸಿಗೆಗೆ ಅದರಲ್ಲಿ ಎರಡು ಬೆರಳಿನಷ್ಟು ಸಮುದ್ರತೀರ ಕೂಡಿದೆ.