ಚಿಕ್ಕಪ್ಪನ ಬಾಗಿಲ ಗೂಟ

ಈಗ ತಾನೇ ಕಂಪ್ಯೂಟರಿನ ಮೇಲೆ ಮತ್ತೆ ಆ ಕೆಂಪು ಸಾಲು ಬಂತು: ಪೋರ್ಟ್ ಖಾಲಿ ಇಲ್ಲ. ತಿಪಟೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಕೊಬ್ಬರಿ ಅಂಗಡಿಗಳಿಗೆ ತೂಕದ ಸಾಫ್ಟ್‌ವೇರ್ ಬರೆಯುವವರು ನಾನು ಮತ್ತು ವನಜಾ. ಬರೆದದ್ದನ್ನು ತಾನಾಗಿಯೇ ಟೆಸ್ಟ್ ಮಾಡುವ ಯಂತ್ರ ಮಾತ್ರ ಒಂದೇ. ಸಂಜೆಯೊಳಗೆ ಅಂಗಡಿಯ ಸಾಹುಕಾರರಿಗೆ ಒಪ್ಪಿಸಬೇಕು. ಟೆಸ್ಟ್ ಪಾಸಾಗದೆ ಒಪ್ಪಿಸುವಂತಿಲ್ಲ.

"ನಿಮ್ ಟೆಸ್ಟೇ ಕಣ್ರೀ 8080ನೇ ಪೋರ್ಟಲ್ಲಿ ಕೂತಿರೋದು. ನಂದು ಎಲ್ಲಿಗೋಗ್ಬೇಕು?" ಎಂದರು ವನಜಾ.

"ಅದು ಮೊದ್ಲಿಂದ್ಲೂ ನನ್ ನಂಬರು," ಎಂದೆ. ಹೇಳಿದ ಮೇಲೆ, ಆ ದನಿ ಬಿಳಿಗೆರೆಯ ನಮ್ಮ ಚಿಕ್ಕಪ್ಪನದು ಅನ್ನಿಸಿ ನಗು ಬಂತು.

ಪೋರ್ಟ್ ಎಂದರೆ ನೀವು ಹೆದರಬೇಡಿ. ಕೊಟ್ಟಿಗೆಯ ಗೂಟ ಎಂದುಕೊಳ್ಳಿ. ಪ್ರತಿ ಗೂಟಕ್ಕೂ ಒಂದು ನಂಬರು, ಒಂದು ಗೂಟಕ್ಕೆ ಒಂದೇ ಪ್ರೋಗ್ರಾಮು.

ಚಿಕ್ಕಪ್ಪನ ಎಮ್ಮೆಗೆ ಬಾಗಿಲ ಪಕ್ಕದ ಗೂಟವೇ ಆಗಬೇಕಿತ್ತು. ಬೇರೆ ಕಡೆ ಕಟ್ಟಿದರೆ ಹಾಲು ಕೊಡುವುದಿಲ್ಲವೆಂದು ಅವರು ಊರಿಗೆಲ್ಲ ಸಾರಿದ್ದರು. ಒಂದು ಸಂಜೆ ನೋಡಿದರೆ ಚಿಕ್ಕಮ್ಮ ಅಲ್ಲಿ ಹಸು ಕಟ್ಟಿದ್ದಾರೆ. ಹಸು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದೆ. ಡೈರಿಗೆ ಹಾಲು ಹಾಕುವ ಹೊತ್ತು ಬೇರೆ ಮೀರುತ್ತಿತ್ತು. ಚಿಕ್ಕಪ್ಪ ಎಮ್ಮೆಯನ್ನು ಅಂಗಳದಲ್ಲಿ ಬಿಟ್ಟು, ಒಳಗೆ ಖಾಲಿ ಗೂಟವೊಂದನ್ನು ನೋಡಿಕೊಂಡು ಬಂದರು. ಎಮ್ಮೆಯನ್ನು ಕರೆದೊಯ್ಯುವಷ್ಟರಲ್ಲಿ ಆ ಗೂಟಕ್ಕೆ ಚಿಕ್ಕಮ್ಮ ಕಟ್ಟಿದ ಕರು!

"ನೋಡ್ಕಂಡ್ ಬರೋದೇನು? ಎಮ್ಮೆ ಹಿಡ್ಕಂಡೇ ಒಳೀಕೆ ಬನ್ರೀ. ಯಾವ್ದು ಖಾಲಿ ಐತೋ ಅದಕ್ಕೆ ಕಟ್ಟಿ, ಯಾವ ಗೂಟ ಅಂತ ನಂಗೆ ಕೂಗಿ ಹೇಳ್ರೀ, ಅಲ್ಲೇ ಬಂದು ಹಾಲ್ ಕರೀತೀನಿ," ಎಂದರು ಚಿಕ್ಕಮ್ಮ.

"ಹಾಲ್ ಕೊಡಲ್ಲ ಕಣೇ ಅದು!"

ಕೊನೆಗೆ ಮೂಲೆಯ ಗೂಟಕ್ಕೆ ಕಟ್ಟಿ ಕೂಗಿದರು. ಎಮ್ಮೆ ಎಂದಿನಷ್ಟೇ ಹಾಲು ಕೊಟ್ಟಿತು.

"ಆ ಗೂಟ ಬೇಕಾಗಿದ್ದು ಎಮ್ಮೆಗಲ್ಲ ಬುಡ್ರೀ, ನಿಮಗೆ," ಎಂದರು ಚಿಕ್ಕಮ್ಮ. ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದ ಚಿಕ್ಕಪ್ಪನನ್ನು ನೋಡಿ ನಾವು ಮಕ್ಕಳೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆ ನಗುವಿನಲ್ಲೇ ನನ್ನ ಪ್ರೋಗ್ರಾಮಿನ 8080 ಅಳಿಸಿ ಸೊನ್ನೆ ಬರೆದೆ. ಸೊನ್ನೆ ಬರೆದರೆ, ಯಾವುದು ಖಾಲಿಯೋ ಅದನ್ನೇ ಕೊಡು ಎಂದು ಯಂತ್ರಕ್ಕೆ ಹೇಳಿದ ಹಾಗೆ. ಸಿಕ್ಕಿದ ನಂಬರನ್ನು ಟೆಸ್ಟಿಗೆ ಕೂಗಿ ಹೇಳುವ ಸಾಲನ್ನೂ ಸೇರಿಸಿದೆ. ವನಜಾ ಕೂಡ ಹಾಗೇ ಮಾಡಿದರು. ಎರಡೂ ಟೆಸ್ಟುಗಳು ಒಟ್ಟಿಗೇ ಓಡಿ, ಪಾಸಾಗಿ ಹಸಿರಾದವು.

"ಯಾವ್ ನಂಬರ್ ಸಿಕ್ತು ನಿಮಗೆ?" ಎಂದರು ವನಜಾ.

ಯಾವುದೋ ಐದಂಕಿಯದು, ಗುರುತು ಪರಿಚಯವಿಲ್ಲದ್ದು. ಟೆಸ್ಟಿಗೆ ಏನೂ ಅನ್ನಿಸಿರಲಿಲ್ಲ. 8080 ಬಿಟ್ಟ ಸಂಕಟವೆಲ್ಲ ನನ್ನದೇ. ಅಂದು ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದ ಚಿಕ್ಕಪ್ಪನ ಮೇಲೆ ಮೊದಲ ಸಲ ನನಗೆ ಕನಿಕರ ಹುಟ್ಟಿತು.